ಗ್ನೋಮ್ ಎಕ್ಸ್‌ಟೆನ್ಶನ್ ಆನ್ ಆಗದಿದ್ದರೆ ಕಾರಣ ಹುಡುಕುವ ಕ್ರಮ

ಲಿನಕ್ಸ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಬಳಸುವವರಲ್ಲಿ ಒಂದೂ ಎಕ್ಸ್‌ಟೆನ್ಶನ್ ಇಲ್ಲದೆ ಕೆಲಸ ಮಾಡುವವರು ಕಡಿಮೆ. ಪರದೆಯ ಅಂಚಿನಲ್ಲಿ ಸದಾ ಕಾಣುವ ಡಾಕ್, ಮೇಲಿನ ಪಟ್ಟಿಯಲ್ಲಿ ಪ್ರೊಸೆಸರ್‌ನ ಬಿಸಿಯನ್ನು ತೋರಿಸುವ ಅಂಕಿ, ಕಾಪಿ ಮಾಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಕ್ಲಿಪ್‌ಬೋರ್ಡ್ ಇವೆಲ್ಲ ಹೆಚ್ಚಾಗಿ ಎಕ್ಸ್‌ಟೆನ್ಶನ್‌ಗಳ ಮೂಲಕವೇ ಬರುತ್ತವೆ. ದಿನವೂ ಕೈಗೆ ಸಿಗುತ್ತಿದ್ದ ಇಂಥದೊಂದು ಸೌಲಭ್ಯ ಸಿಸ್ಟಮ್ ಅಪ್‌ಡೇಟ್ ಆದ ಮರುದಿನ ಆನ್ ಆಗದೆ ನಿಂತರೆ, ಬಹಳಷ್ಟು ಜನ ಮೊದಲು ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಾರೆ, ಆಮೇಲೆ ಎಕ್ಸ್‌ಟೆನ್ಶನ್ ಅಳಿಸಿ ಮತ್ತೆ ಹಾಕುತ್ತಾರೆ, ಅದೂ ಫಲಿಸದಿದ್ದರೆ ಇಡೀ ಸಿಸ್ಟಮ್ಮನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ಇಷ್ಟು ದೂರ ಹೋಗುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ. ಎಕ್ಸ್‌ಟೆನ್ಶನ್ ಏಕೆ ಆನ್ ಆಗಲಿಲ್ಲ ಎಂಬುದನ್ನು ಗ್ನೋಮ್ ಶೆಲ್, ಅಂದರೆ ಡೆಸ್ಕ್‌ಟಾಪ್‌ನ ಪರದೆಯನ್ನು ನಡೆಸುವ ಪ್ರೋಗ್ರಾಮ್, ತಾನೇ ಬರೆದಿಟ್ಟಿರುತ್ತದೆ. ಅದು ಬರೆದದ್ದನ್ನು ಎಲ್ಲಿ ಓದಬೇಕು, ಓದಿದ ಮೇಲೆ ಯಾವ ಕಡೆ ಹೆಜ್ಜೆ ಇಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಒಂದು ಸೂಚನೆ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ, ಅಡ್ಡಗೆರೆ ಮತ್ತು ಚುಕ್ಕಿಗಳನ್ನು ಇಲ್ಲಿರುವಂತೆಯೇ ಉಳಿಸಿಕೊಂಡು ಟೈಪ್ ಮಾಡಬೇಕು. ಇಲ್ಲಿನ ಮಾತು ಉಬುಂಟು, ಫೆಡೋರಾ, ಡೆಬಿಯನ್‌ಗಳಲ್ಲಿ ಬರುವ ಗ್ನೋಮ್‌ಗೆ ಅನ್ವಯಿಸುತ್ತದೆ. ಸಿನಮನ್ ಮತ್ತು ಕೆಡಿಇ ಪ್ಲಾಸ್ಮಾಗಳ ವ್ಯವಸ್ಥೆ ಬೇರೆ.

ಸ್ವಿಚ್ ಒತ್ತಿದಾಗ ಆಗುವುದೇನು

ಗ್ನೋಮ್ ಎಕ್ಸ್‌ಟೆನ್ಶನ್ ಎಂಬುದು ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್ ಅಲ್ಲ. ಅದು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಕೋಡ್. ಗ್ನೋಮ್ ಶೆಲ್ ಎಂಬ ಪ್ರಕ್ರಿಯೆಯ ಒಳಗೇ, ಶೆಲ್‌ನ ಸ್ವಂತ ಕೋಡ್‌ನ ಜೊತೆಯಲ್ಲೇ ಓಡುತ್ತದೆ. ಬ್ರೌಸರ್‌ನ ಎಕ್ಸ್‌ಟೆನ್ಶನ್‌ಗೆ ಇರುವಂಥ ರಕ್ಷಣೆಯ ಗೋಡೆ ಇಲ್ಲಿಲ್ಲ. ಇದರಿಂದ ಡೆಸ್ಕ್‌ಟಾಪ್‌ನ ಯಾವ ಮೂಲೆಯನ್ನು ಬೇಕಾದರೂ ಬದಲಿಸುವ ಶಕ್ತಿ ಎಕ್ಸ್‌ಟೆನ್ಶನ್‌ಗೆ ಬಂದಿದೆ. ಜೊತೆಗೆ, ಶೆಲ್‌ನ ಒಳರಚನೆ ಸ್ವಲ್ಪ ಬದಲಾದರೂ ಅದು ಮುರಿದುಬೀಳುವ ಅಪಾಯವೂ ಬಂದಿದೆ. ಗ್ನೋಮ್ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಸೆಪ್ಟೆಂಬರ್ ಹೊತ್ತಿಗೆ, ಹೊಸ ಆವೃತ್ತಿಯನ್ನು ಹೊರತರುತ್ತದೆ. ಎಕ್ಸ್‌ಟೆನ್ಶನ್ ಬರೆದವರು ಪ್ರತಿ ಬಾರಿಯೂ ತಮ್ಮ ಕೋಡನ್ನು ಪರೀಕ್ಷಿಸಿ, ಈ ಆವೃತ್ತಿಯಲ್ಲೂ ಇದು ನಡೆಯುತ್ತದೆ ಎಂದು ಘೋಷಿಸಬೇಕಾಗುತ್ತದೆ.

ಆ ಘೋಷಣೆ ಇರುವುದು ಪ್ರತಿ ಎಕ್ಸ್‌ಟೆನ್ಶನ್‌ನ ಫೋಲ್ಡರ್‌ನಲ್ಲಿರುವ ಮೆಟಾಡೇಟಾ.ಜೇಸನ್ ಎಂಬ ಫೈಲಿನಲ್ಲಿ. ನಾವು ಹಾಕಿಕೊಂಡ ಎಕ್ಸ್‌ಟೆನ್ಶನ್‌ಗಳು ಹೋಮ್ ಫೋಲ್ಡರ್‌ನ .ಲೋಕಲ್/ಶೇರ್/ಗ್ನೋಮ್-ಶೆಲ್/ಎಕ್ಸ್‌ಟೆನ್ಶನ್ಸ್ ಎಂಬ ಜಾಗದಲ್ಲಿರುತ್ತವೆ. ಡಿಸ್ಟ್ರೋದ (ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆಯ) ಪ್ಯಾಕೇಜ್ ಮೂಲಕ ಬಂದವು /ಯುಎಸ್‌ಆರ್/ಶೇರ್/ಗ್ನೋಮ್-ಶೆಲ್/ಎಕ್ಸ್‌ಟೆನ್ಶನ್ಸ್ ಎಂಬಲ್ಲಿರುತ್ತವೆ. ಪ್ರತಿ ಎಕ್ಸ್‌ಟೆನ್ಶನ್‌ಗೂ ಯುಯುಐಡಿ ಎಂಬ ವಿಶಿಷ್ಟ ಗುರುತು ಇದೆ. ನೋಡಲು ಇಮೇಲ್ ವಿಳಾಸದಂತೆ, ನಡುವೆ @ ಚಿಹ್ನೆಯೊಂದಿಗೆ ಇರುತ್ತದೆ. ಉಬುಂಟುವಿನ ಡಾಕ್‌ನ ಗುರುತು ಉಬುಂಟು-ಡಾಕ್@ಉಬುಂಟು.ಕಾಮ್.

ಸ್ವಿಚ್ ಒತ್ತಿದಾಗ ಈ ಗುರುತು ಎನೇಬಲ್ಡ್-ಎಕ್ಸ್‌ಟೆನ್ಶನ್ಸ್ ಎಂಬ ಪಟ್ಟಿಗೆ ಸೇರುತ್ತದೆ, ಅಷ್ಟೇ. ಪಟ್ಟಿಗೆ ಸೇರಿದ ಎಕ್ಸ್‌ಟೆನ್ಶನ್‌ನ ಕೋಡನ್ನು ನಿಜವಾಗಿ ಓಡಿಸಬೇಕೋ ಬೇಡವೋ ಎಂಬುದನ್ನು ಶೆಲ್ ಆಮೇಲೆ ತೀರ್ಮಾನಿಸುತ್ತದೆ. ನಾವು ಆನ್ ಮಾಡಿದ್ದೇವೆ ಎಂಬುದೂ ಶೆಲ್ ಅದನ್ನು ಓಡಿಸುತ್ತಿದೆ ಎಂಬುದೂ ಎರಡು ಬೇರೆ ಸಂಗತಿಗಳು. ಈ ಸಮಸ್ಯೆಯಲ್ಲಿ ಆಗುವ ಗೊಂದಲವೆಲ್ಲ ಇವೆರಡನ್ನು ಒಂದೇ ಎಂದು ತಿಳಿಯುವುದರಿಂದ ಹುಟ್ಟುತ್ತದೆ. ಸ್ವಿಚ್ ಆನ್ ಆಗಿದ್ದೂ ಪರದೆಯ ಮೇಲೆ ಏನೂ ಕಾಣದಿರಬಹುದು. ಸ್ವಿಚ್ ಮಸುಕಾಗಿ ಒತ್ತಲಿಕ್ಕೇ ಬಾರದಿರಬಹುದು. ಎಲ್ಲ ಎಕ್ಸ್‌ಟೆನ್ಶನ್‌ಗಳೂ ಒಟ್ಟಿಗೇ ಆಫ್ ಆಗಿರಬಹುದು. ಇವು ಬೇರೆ ಬೇರೆ ರೋಗಗಳು, ಮದ್ದೂ ಬೇರೆ.

ಮೊದಲು ಸ್ಥಿತಿಯನ್ನು ಕೇಳಿ

ಟರ್ಮಿನಲ್ ತೆರೆದು ಮೊದಲು ಗ್ನೋಮ್-ಶೆಲ್ --ವರ್ಷನ್ ಎಂಬ ಕಮಾಂಡ್ ಕೊಟ್ಟು ನಿಮ್ಮ ಗ್ನೋಮ್‌ನ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ. ಉಬುಂಟು 22.04ರಲ್ಲಿ ಇದು 42, ಉಬುಂಟು 24.04ರಲ್ಲಿ 46, ಡೆಬಿಯನ್ 12ರಲ್ಲಿ 43, ಡೆಬಿಯನ್ 13ರಲ್ಲಿ 48 ಆಗಿರುತ್ತದೆ. ಫೆಡೋರಾದಲ್ಲಿ ಪ್ರತಿ ಬಿಡುಗಡೆಗೂ ಒಂದು ಹೊಸ ಗ್ನೋಮ್ ಬರುತ್ತದೆ: ಫೆಡೋರಾ 40ರಲ್ಲಿ 46, 41ರಲ್ಲಿ 47, 42ರಲ್ಲಿ 48. ಡಿಸ್ಟ್ರೋದ ಆವೃತ್ತಿ ಗೊತ್ತಿದ್ದರೆ ಸಾಕು ಎಂದುಕೊಳ್ಳಬೇಡಿ. ಎಕ್ಸ್‌ಟೆನ್ಶನ್ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಗ್ನೋಮ್‌ನ ಆವೃತ್ತಿ.

ಅನಂತರ ಗ್ನೋಮ್-ಎಕ್ಸ್‌ಟೆನ್ಶನ್ಸ್ ಲಿಸ್ಟ್ ಎಂದು ಕೊಟ್ಟರೆ, ಶೆಲ್‌ನ ಕಣ್ಣಿಗೆ ಬಿದ್ದಿರುವ ಎಲ್ಲ ಎಕ್ಸ್‌ಟೆನ್ಶನ್‌ಗಳ ಯುಯುಐಡಿಗಳು ಸಾಲಾಗಿ ಬರುತ್ತವೆ. ನಿಮಗೆ ಬೇಕಾದುದನ್ನು ಆರಿಸಿ, ಗ್ನೋಮ್-ಎಕ್ಸ್‌ಟೆನ್ಶನ್ಸ್ ಇನ್ಫೋ ಎಂದು ಟೈಪ್ ಮಾಡಿ, ಅದರ ಮುಂದೆ ಆ ಯುಯುಐಡಿಯನ್ನು ಸೇರಿಸಿ ಎಂಟರ್ ಒತ್ತಿ. ಹೆಸರು, ವಿವರಣೆ, ಫೋಲ್ಡರ್ ಇರುವ ಜಾಗ, ಎಕ್ಸ್‌ಟೆನ್ಶನ್‌ನ ಆವೃತ್ತಿ ಇವುಗಳ ಜೊತೆ ಸ್ಟೇಟ್ ಎಂಬ ಒಂದು ಸಾಲು ಬರುತ್ತದೆ. ಮುಂದಿನ ಕೆಲಸವೆಲ್ಲ ಆ ಸಾಲಿನ ಮೇಲೆ ನಿಂತಿದೆ. ಅಲ್ಲಿ ಎನೇಬಲ್ಡ್ ಅಥವಾ ಹೊಸ ಆವೃತ್ತಿಗಳಲ್ಲಿ ಆ್ಯಕ್ಟಿವ್ ಎಂದಿದ್ದರೆ ಶೆಲ್ ಅದನ್ನು ಓಡಿಸುತ್ತಿದೆ ಎಂದರ್ಥ. ಔಟ್ ಆಫ್ ಡೇಟ್ ಎಂದಿದ್ದರೆ ಆವೃತ್ತಿ ಹೊಂದುತ್ತಿಲ್ಲ. ಎರರ್ ಎಂದಿದ್ದರೆ ಓಡಿಸಲು ಹೋಗಿ ಕೋಡ್ ಎಡವಿದೆ. ಇನಿಶಿಯಲೈಸ್ಡ್ ಎಂದಿದ್ದರೆ ಶೆಲ್ ಅದನ್ನು ಕಂಡಿದೆ, ಇನ್ನೂ ಓಡಿಸಿಲ್ಲ. ಹೊಸ ಆವೃತ್ತಿಗಳಲ್ಲಿ ಇದೇ ಉತ್ತರದಲ್ಲಿ ಎನೇಬಲ್ಡ್ ಎಂಬ ಇನ್ನೊಂದು ಸಾಲೂ ಬರುತ್ತದೆ. ಅದು ಎಸ್ ಎಂದಿದ್ದು ಸ್ಟೇಟ್ ಮಾತ್ರ ಎರರ್ ಎಂದಿದ್ದರೆ, ನಾನು ಮೇಲೆ ಹೇಳಿದ ಎರಡು ಬೇರೆ ಸಂಗತಿಗಳು ಕಣ್ಣೆದುರಿಗೇ ಬಂದಂತಾಯಿತು.

ಸಿಸ್ಟಮ್‌ನ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡವರಿಗೆ ಕೆಲವು ಸಂದೇಶಗಳು ಕನ್ನಡದಲ್ಲೇ ಬರಬಹುದು. ಓದಲು ಅದು ಅನುಕೂಲವೇ. ಆದರೆ ಅದೇ ಸಂದೇಶವನ್ನು ಅಂತರ್ಜಾಲದಲ್ಲಿ ಹುಡುಕುವುದಿದ್ದರೆ ಇಂಗ್ಲಿಷ್ ರೂಪವೇ ಬೇಕಾಗುತ್ತದೆ. ಆಗ ಕಮಾಂಡ್ ಶುರುವಾಗುವ ಮೊದಲು, ಅದೇ ಸಾಲಿನಲ್ಲಿ, ದೊಡ್ಡಕ್ಷರಗಳಲ್ಲಿ ಎಲ್‌ಸಿ_ಆಲ್=ಸಿ ಎಂದು ಸೇರಿಸಿದರೆ ಆ ಒಂದು ಬಾರಿಗೆ ಉತ್ತರ ಇಂಗ್ಲಿಷ್‌ನಲ್ಲಿ ಬರುತ್ತದೆ; ಉಳಿದ ಡೆಸ್ಕ್‌ಟಾಪ್ ಕನ್ನಡದಲ್ಲೇ ಇರುತ್ತದೆ.

ಔಟ್ ಆಫ್ ಡೇಟ್ ಎಂದು ಬಂದರೆ

ಸ್ವಿಚ್ ಮಸುಕಾಗಿರುವುದಕ್ಕೆ ಅತಿ ಸಾಮಾನ್ಯ ಕಾರಣ ಇದು. ಎಕ್ಸ್‌ಟೆನ್ಶನ್‌ನ ಫೋಲ್ಡರ್‌ಗೆ ಹೋಗಿ ಮೆಟಾಡೇಟಾ.ಜೇಸನ್ ತೆರೆದರೆ ಅದರಲ್ಲಿ ಶೆಲ್-ವರ್ಷನ್ ಎಂಬ ಸಾಲು ಇರುತ್ತದೆ, ಅದರ ಮುಂದೆ ಚೌಕ ಆವರಣದೊಳಗೆ ["45", "46"] ಎಂಬಂತೆ ಅಂಕಿಗಳು ಇರುತ್ತವೆ. ನಿಮ್ಮ ಗ್ನೋಮ್ 48 ಆಗಿದ್ದು ಈ ಸಾಲಿನಲ್ಲಿ 48 ಇಲ್ಲದಿದ್ದರೆ ಶೆಲ್ ಅದನ್ನು ಮುಟ್ಟುವುದಿಲ್ಲ. ಇದಕ್ಕೆ ಸರಿಯಾದ ಪರಿಹಾರ ಹೊಸ ಆವೃತ್ತಿಯನ್ನು ಹಾಕಿಕೊಳ್ಳುವುದು. ಎಕ್ಸ್‌ಟೆನ್ಶನ್ಸ್.ಗ್ನೋಮ್.ಆರ್ಗ್ ತಾಣದಲ್ಲಿ ಪ್ರತಿ ಎಕ್ಸ್‌ಟೆನ್ಶನ್‌ನ ಪುಟದಲ್ಲೂ ಶೆಲ್‌ನ ಆವೃತ್ತಿಯನ್ನು ಆರಿಸುವ ಪಟ್ಟಿ ಇದೆ. ಅಲ್ಲಿ ನಿಮ್ಮ ಅಂಕಿ ಇದ್ದರೆ ಅದನ್ನೇ ಆರಿಸಿ ಇಳಿಸಿಕೊಳ್ಳಿ. ಇಲ್ಲದಿದ್ದರೆ ಮೂಲ ಕೋಡ್ ಇರುವ ತಾಣದಲ್ಲಿ ನೋಡಿ. ಗ್ನೋಮ್ ತಾಣಕ್ಕೆ ಬಂದ ಪ್ರತಿ ಹೊಸ ಆವೃತ್ತಿಯನ್ನೂ ಸ್ವಯಂಸೇವಕರು ಓದಿ ಪರಿಶೀಲಿಸಿದ ಮೇಲೆಯೇ ಪ್ರಕಟಿಸುವುದರಿಂದ, ಬರೆದವರು ಕೋಡನ್ನು ಸರಿಪಡಿಸಿದ್ದರೂ ತಾಣದಲ್ಲಿ ಕಾಣಲು ಕೆಲವು ದಿನ ತಡವಾಗಬಹುದು.

ಮೆಟಾಡೇಟಾ ಫೈಲಿಗೆ ನಾವೇ ನಮ್ಮ ಆವೃತ್ತಿಯ ಅಂಕಿಯನ್ನು ಸೇರಿಸಬಹುದೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಸೇರಿಸಬಹುದು, ಎಷ್ಟೋ ಬಾರಿ ಅದರಿಂದ ಕೆಲಸವೂ ಆಗುತ್ತದೆ, ಏಕೆಂದರೆ ಚಿಕ್ಕ ಎಕ್ಸ್‌ಟೆನ್ಶನ್‌ಗಳು ಬಳಸುವ ಭಾಗಗಳು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬದಲಾಗದೆಯೂ ಇರುತ್ತವೆ. ["45", "46"] ಎಂಬುದನ್ನು ["45", "46", "48"] ಎಂದು ಮಾಡಿ ಉಳಿಸಿ, ಲಾಗ್ ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಅಲ್ಪವಿರಾಮವನ್ನೋ ಉದ್ಧರಣ ಚಿಹ್ನೆಯನ್ನೋ ಬಿಟ್ಟರೆ ಫೈಲನ್ನು ಓದಲಾಗದೆ ಶೆಲ್ ಆ ಎಕ್ಸ್‌ಟೆನ್ಶನ್ನನ್ನು ಪಟ್ಟಿಯಿಂದಲೇ ಕೈಬಿಡುತ್ತದೆ. ಆದ್ದರಿಂದ ತಿದ್ದುವ ಮೊದಲು ಫೈಲಿನ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ. ಗ್ನೋಮ್ 40ಕ್ಕಿಂತ ಹಿಂದಿನ ಆವೃತ್ತಿಗಳನ್ನು 3.38 ಎಂಬಂತೆ ಎರಡು ಭಾಗವಾಗಿ ಬರೆಯುತ್ತಿದ್ದರು, 40ರಿಂದ ಈಚೆಗೆ ಮೊದಲ ಅಂಕಿಯಷ್ಟೇ ಸಾಕು.

ಆದರೆ ಒಂದು ಗಡಿಯನ್ನು ಈ ಉಪಾಯದಿಂದ ದಾಟಲಾಗುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಗ್ನೋಮ್ 45, ಎಕ್ಸ್‌ಟೆನ್ಶನ್‌ಗಳು ಶೆಲ್‌ನ ಭಾಗಗಳನ್ನು ಎರವಲು ಪಡೆಯುವ ವಿಧಾನವನ್ನೇ ಬದಲಿಸಿತು. ಅದುವರೆಗೆ ಗ್ನೋಮ್‌ನದೇ ಆದ ಹಳೆಯ ಇಂಪೋರ್ಟ್ಸ್ ವಿಧಾನ ಇತ್ತು. 45ರಿಂದ ಜಾವಾಸ್ಕ್ರಿಪ್ಟ್‌ನ ಪ್ರಮಾಣಿತ ಮಾಡ್ಯೂಲ್ ವಿಧಾನ, ಅಂದರೆ ಇಎಸ್‌ಎಂ, ಕಡ್ಡಾಯವಾಯಿತು. ಹೀಗಾಗಿ 44 ಮತ್ತು ಅದಕ್ಕೂ ಹಿಂದಿನ ಆವೃತ್ತಿಗೆ ಬರೆದ ಯಾವ ಎಕ್ಸ್‌ಟೆನ್ಶನ್ನೂ ತಿದ್ದದೆ 45ರಲ್ಲಿ ಓಡುವುದಿಲ್ಲ. 45ಕ್ಕೆ ಬರೆದದ್ದು 44ರಲ್ಲೂ ಓಡುವುದಿಲ್ಲ. ಉಬುಂಟು 22.04ರಿಂದ 24.04ಕ್ಕೆ, ಅಥವಾ ಡೆಬಿಯನ್ 12ರಿಂದ 13ಕ್ಕೆ ಏರಿದವರ ಎಕ್ಸ್‌ಟೆನ್ಶನ್‌ಗಳೆಲ್ಲ ಒಟ್ಟಿಗೆ ನಿಂತುಹೋದದ್ದಕ್ಕೆ ಇದೇ ಕಾರಣ. ಇಂಥ ಕಡೆ ಮೆಟಾಡೇಟಾದಲ್ಲಿ ಅಂಕಿ ಸೇರಿಸಿದರೆ ಔಟ್ ಆಫ್ ಡೇಟ್ ಹೋಗಿ ಎರರ್ ಬರುತ್ತದೆಯೇ ಹೊರತು ಬೇರೇನೂ ಆಗದು. ಬರೆದವರು ಹೊಸ ವಿಧಾನಕ್ಕೆ ತಂದ ಆವೃತ್ತಿಯನ್ನೇ ಹುಡುಕಬೇಕು, ಅದಿಲ್ಲದಿದ್ದರೆ ಅದೇ ಕೆಲಸ ಮಾಡುವ ಬೇರೊಂದನ್ನು ಆರಿಸಬೇಕು.

ಗ್ನೋಮ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಿಸೆಟ್ಟಿಂಗ್ಸ್‌ನಲ್ಲಿ ಡಿಸೇಬಲ್-ಎಕ್ಸ್‌ಟೆನ್ಶನ್-ವರ್ಷನ್-ವ್ಯಾಲಿಡೇಶನ್ ಎಂಬ ಕೀಲಿ ಇದೆ. ಅದನ್ನು ಟ್ರೂ ಮಾಡಿದರೆ ಶೆಲ್ ಆವೃತ್ತಿಯನ್ನು ನೋಡುವುದನ್ನೇ ಬಿಡುತ್ತದೆ. ಬಹಳ ಕಡೆ ಇದನ್ನು ಮೊದಲ ಪರಿಹಾರವಾಗಿ ಸೂಚಿಸುವುದನ್ನು ಕಾಣುತ್ತೇವೆ. ನಾನಂತೂ ಇದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಒಂದು ಎಕ್ಸ್‌ಟೆನ್ಶನ್‌ಗಾಗಿ ಈ ಕೀಲಿಯನ್ನು ತಿರುಗಿಸಿದರೆ ಎಲ್ಲ ಎಕ್ಸ್‌ಟೆನ್ಶನ್‌ಗಳ ಕಾವಲೂ ಹೋಗುತ್ತದೆ, ಮುಂದಿನ ಅಪ್‌ಗ್ರೇಡ್ ಆದ ದಿನ ಹಳೆಯ ಕೋಡೆಲ್ಲ ಹೊಸ ಶೆಲ್‌ನೊಳಗೆ ಒಟ್ಟಿಗೆ ಓಡಲು ಹೊರಟು ಲಾಗಿನ್ ಆಗುವುದೇ ಕಷ್ಟವಾಗಬಹುದು. ಬೇಕಾದ ಒಂದೇ ಒಂದು ಫೈಲನ್ನು ತಿದ್ದುವುದು ಇದಕ್ಕಿಂತ ಎಷ್ಟೋ ಸುರಕ್ಷಿತ.

ಎರರ್ ಎಂದು ಬಂದರೆ ಲಾಗ್ ಓದಬೇಕು

ಎರರ್ ಸ್ಥಿತಿಯಲ್ಲಿ ಊಹೆಗೆ ಜಾಗವಿಲ್ಲ. ಲಾಗ್‌ನಲ್ಲಿ, ಅಂದರೆ ಸಿಸ್ಟಮ್ ಬರೆದಿಡುವ ದಾಖಲೆಯಲ್ಲಿ, ಕಾರಣ ಇದ್ದೇ ಇರುತ್ತದೆ. ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ -ಎಫ್ -ಓ ಕ್ಯಾಟ್ /ಯುಎಸ್‌ಆರ್/ಬಿನ್/ಗ್ನೋಮ್-ಶೆಲ್ ಎಂಬ ಕಮಾಂಡ್ ಕೊಟ್ಟು, ಆ ಕಿಟಕಿಯನ್ನು ಹಾಗೆಯೇ ತೆರೆದಿಡಿ. ಇನ್ನೊಂದು ಟರ್ಮಿನಲ್‌ನಲ್ಲಿ ಗ್ನೋಮ್-ಎಕ್ಸ್‌ಟೆನ್ಶನ್ಸ್ ಡಿಸೇಬಲ್ ಎಂದೂ, ಆಮೇಲೆ ಗ್ನೋಮ್-ಎಕ್ಸ್‌ಟೆನ್ಶನ್ಸ್ ಎನೇಬಲ್ ಎಂದೂ, ಎರಡು ಸಲವೂ ಯುಯುಐಡಿ ಸೇರಿಸಿ ಕೊಡಿ. ಎನೇಬಲ್ ಕೊಟ್ಟ ಕ್ಷಣದಲ್ಲಿ ಮೊದಲ ಕಿಟಕಿಯಲ್ಲಿ ಮೂಡುವ ಸಾಲುಗಳೇ ನಿಮಗೆ ಬೇಕಾದವು. ಲಾಗಿನ್ ಆಗುವಾಗಲೇ ತೊಂದರೆಯಾಗಿದ್ದರೆ ಜರ್ನಲ್‌ಸಿಟಿಎಲ್ -ಬಿ ಎಂದು ಕೊಟ್ಟು, ಕಂಪ್ಯೂಟರ್ ಶುರುವಾದಾಗಿನಿಂದ ಬಂದ ಸಾಲುಗಳಲ್ಲಿ ಯುಯುಐಡಿಯ ಒಂದು ತುಣುಕನ್ನು ಹುಡುಕಿ. ಟರ್ಮಿನಲ್ ಬೇಡವೆನ್ನುವವರು ಆಲ್ಟ್ ಮತ್ತು ಎಫ್2 ಕೀಲಿಗಳನ್ನು ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಎಲ್‌ಜಿ ಎಂದು ಟೈಪ್ ಮಾಡಿದರೆ ಲುಕಿಂಗ್ ಗ್ಲಾಸ್ ಎಂಬ ಪರಿಶೀಲನಾ ಕಿಟಕಿ ತೆರೆಯುತ್ತದೆ. ಅದರ ಎಕ್ಸ್‌ಟೆನ್ಶನ್ಸ್ ವಿಭಾಗದಲ್ಲಿ ಪ್ರತಿಯೊಂದರ ದೋಷವನ್ನೂ ನೋಡಬಹುದು. ಮುಚ್ಚಲು ಎಸ್ಕೇಪ್ ಒತ್ತಿದರಾಯಿತು.

ಲಾಗ್‌ನಲ್ಲಿ ದೋಷ ಬಂದಾಗ ಇಪ್ಪತ್ತು ಸಾಲು ಒಟ್ಟಿಗೆ ಸುರಿದು ಗಾಬರಿಯಾಗುತ್ತದೆ. ಓದಬೇಕಾದದ್ದು ಮೊದಲ ಸಾಲು ಮತ್ತು ಅದರ ಕೆಳಗೆ ಎಕ್ಸ್‌ಟೆನ್ಶನ್.ಜೆಎಸ್ ಎಂಬ ಹೆಸರು ಮೊದಲ ಬಾರಿ ಬರುವ ಸಾಲು, ಇವೆರಡನ್ನು ಮಾತ್ರ. ಮೊದಲ ಸಾಲಿನಲ್ಲಿ ಸಿಂಟ್ಯಾಕ್ಸ್‌ಎರರ್ ಎಂದಿದ್ದು, ಅದರ ಮುಂದೆ ಇಂಪೋರ್ಟ್ ಡಿಕ್ಲರೇಶನ್ಸ್ ಮೇ ಓನ್ಲಿ ಅಪಿಯರ್ ಅಟ್ ಟಾಪ್ ಲೆವೆಲ್ ಆಫ್ ಎ ಮಾಡ್ಯೂಲ್ ಎಂದಿದ್ದರೆ, 45 ಅಥವಾ ಅದಕ್ಕೂ ಮುಂದಿನ ಗ್ನೋಮ್‌ಗಾಗಿ ಬರೆದ ಎಕ್ಸ್‌ಟೆನ್ಶನ್ನನ್ನು 44 ಅಥವಾ ಹಿಂದಿನ ಗ್ನೋಮ್‌ನಲ್ಲಿ ಹಾಕಿದ್ದೀರಿ ಎಂದರ್ಥ. ಮೂಲ ತಾಣದಿಂದ ನೇರವಾಗಿ ಕೋಡ್ ಇಳಿಸಿಕೊಂಡವರಿಗೆ ಇದು ಹೆಚ್ಚಾಗಿ ಎದುರಾಗುತ್ತದೆ, ಏಕೆಂದರೆ ಅಲ್ಲಿ ಮುಖ್ಯ ಶಾಖೆಯಲ್ಲಿ ಯಾವಾಗಲೂ ಇತ್ತೀಚಿನ ಕೋಡೇ ಇರುತ್ತದೆ. ಹಳೆಯ ಗ್ನೋಮ್‌ಗೆ ಬೇರೆ ಶಾಖೆ ಇದೆಯೇ ಎಂದು ನೋಡಿ.

ಟೈಪ್‌ಲಿಬ್ ಫೈಲ್ ನಾಟ್ ಫೌಂಡ್ ಎಂಬ ಮಾತು ಬಂದರೆ ಎಕ್ಸ್‌ಟೆನ್ಶನ್‌ನದು ತಪ್ಪಿಲ್ಲ. ಅದಕ್ಕೆ ಬೇಕಾದ ಲೈಬ್ರರಿಯ ಪ್ಯಾಕೇಜ್ ನಿಮ್ಮ ಸಿಸ್ಟಮ್‌ನಲ್ಲಿಲ್ಲ. ಪ್ರೊಸೆಸರ್, ಮೆಮೊರಿ, ಬಿಸಿ ಇತ್ಯಾದಿಗಳನ್ನು ತೋರಿಸುವ ವೈಟಲ್ಸ್‌ನಂಥ ಎಕ್ಸ್‌ಟೆನ್ಶನ್‌ಗಳಲ್ಲಿ ಇದು ಸಾಮಾನ್ಯ. ಸಂದೇಶದಲ್ಲಿ ಜಿಟಾಪ್ ಎಂಬ ಹೆಸರು ಕಂಡರೆ ಉಬುಂಟು, ಡೆಬಿಯನ್‌ಗಳಲ್ಲಿ ಗಿರ್1.2-ಜಿಟಾಪ್-2.0 ಎಂಬ ಪ್ಯಾಕೇಜನ್ನು ಆ್ಯಪ್ಟ್ ಮೂಲಕ ಹಾಕಿ, ಲಾಗ್ ಔಟ್ ಆಗಿ ಬನ್ನಿ. ಬೇರೆ ಲೈಬ್ರರಿಗಳಿಗೂ ಇದೇ ಕ್ರಮ: ಸಂದೇಶದಲ್ಲಿರುವ ಹೆಸರನ್ನು ಗಿರ್1.2 ಎಂಬುದರ ಜೊತೆ ಸೇರಿಸಿ ಪ್ಯಾಕೇಜ್‌ಗಳಲ್ಲಿ ಹುಡುಕಬೇಕು.

ಜಿಸೆಟ್ಟಿಂಗ್ಸ್ ಸ್ಕೀಮಾ ಸಿಗಲಿಲ್ಲ ಎಂಬ ದೋಷ ಇನ್ನೊಂದು ಬಗೆಯದು. ಎಕ್ಸ್‌ಟೆನ್ಶನ್ ತನ್ನ ಸೆಟ್ಟಿಂಗ್‌ಗಳ ರೂಪರೇಖೆಯನ್ನು ಸ್ಕೀಮಾಸ್ ಎಂಬ ಉಪಫೋಲ್ಡರ್‌ನಲ್ಲಿ ಎಕ್ಸ್‌ಎಂಎಲ್ ಫೈಲಾಗಿ ಇಟ್ಟುಕೊಂಡಿರುತ್ತದೆ. ಶೆಲ್‌ಗೆ ಬೇಕಾದದ್ದು ಅದನ್ನು ಕಂಪೈಲ್ ಮಾಡಿದ ಜಿಸ್ಕೀಮಾಸ್.ಕಂಪೈಲ್ಡ್ ಎಂಬ ಫೈಲ್. ಗ್ನೋಮ್ 44ರಿಂದ, ಗ್ನೋಮ್-ಎಕ್ಸ್‌ಟೆನ್ಶನ್ಸ್ ಇನ್‌ಸ್ಟಾಲ್ ಕಮಾಂಡ್ ಮೂಲಕವೋ ಗ್ನೋಮ್ ತಾಣದಿಂದಲೋ ಹಾಕಿದರೆ ಈ ಕಂಪೈಲ್ ತಾನಾಗಿಯೇ ಆಗುತ್ತದೆ. ಫೋಲ್ಡರನ್ನು ಕೈಯಾರೆ ನಕಲು ಮಾಡಿದರೆ ಆಗುವುದಿಲ್ಲ. ಆಗ ಎಕ್ಸ್‌ಟೆನ್ಶನ್‌ನ ಫೋಲ್ಡರ್‌ಗೆ ಹೋಗಿ ಜಿಲಿಬ್-ಕಂಪೈಲ್-ಸ್ಕೀಮಾಸ್ ಸ್ಕೀಮಾಸ್/ ಎಂಬ ಕಮಾಂಡ್ ಕೊಟ್ಟರೆ ಕೊರತೆ ನೀಗುತ್ತದೆ.

ಇಂಥ ಎಕ್ಸ್‌ಟೆನ್ಶನ್ ಇಲ್ಲ ಎಂದರೆ

ಫೈಲುಗಳು ಕಣ್ಣೆದುರಿಗೇ ಇದ್ದರೂ ಎನೇಬಲ್ ಕಮಾಂಡ್‌ಗೆ ಡಸ್ ನಾಟ್ ಎಗ್ಸಿಸ್ಟ್ ಎಂಬ ಉತ್ತರ ಬರುವುದುಂಟು. ಕೈಯಾರೆ ಹಾಕಿದ ಎಕ್ಸ್‌ಟೆನ್ಶನ್ನನ್ನು ಶೆಲ್ ಗಮನಿಸುವುದು ಲಾಗಿನ್ ಆಗುವಾಗ ಮಾತ್ರ. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ವ್ಯವಸ್ಥೆಗಳು ಎರಡು: ಹಳೆಯ ಎಕ್ಸ್11 ಮತ್ತು ಹೊಸ ವೇಲ್ಯಾಂಡ್. ಎಕ್ಸ್11 ಸೆಷನ್‌ನಲ್ಲಿ ಆಲ್ಟ್, ಎಫ್2 ಒತ್ತಿ ಆರ್ ಎಂದು ಕೊಟ್ಟರೆ ಶೆಲ್ ಅಲ್ಲೇ ಮತ್ತೆ ಶುರುವಾಗುತ್ತಿತ್ತು. ವೇಲ್ಯಾಂಡ್‌ನಲ್ಲಿ ಅದು ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ಶೆಲ್ಲೇ ಡಿಸ್‌ಪ್ಲೇ ಸರ್ವರ್ ಕೂಡ ಆಗಿರುವುದರಿಂದ ಅದನ್ನು ನಿಲ್ಲಿಸಿದರೆ ತೆರೆದಿರುವ ಕಿಟಕಿಗಳೆಲ್ಲ ಮುಚ್ಚಿಹೋಗುತ್ತವೆ. ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್11 ಸೆಷನ್ನನ್ನೇ ತೆಗೆದುಹಾಕಿದ್ದಾರೆ. ಹಾಗಾಗಿ ಲಾಗ್ ಔಟ್ ಆಗಿ ಬರುವುದೇ ಈಗಿನ ನಿಯಮ. ಅಪ್‌ಡೇಟ್ ವಿಷಯದಲ್ಲೂ ಇದು ನೆನಪಿರಲಿ. ಶೆಲ್ ತಾನಾಗಿ ಇಳಿಸಿಕೊಂಡ ಅಪ್‌ಡೇಟ್‌ಗಳು ಎಕ್ಸ್‌ಟೆನ್ಶನ್-ಅಪ್‌ಡೇಟ್ಸ್ ಎಂಬ ಬೇರೆ ಫೋಲ್ಡರ್‌ನಲ್ಲಿ ಕಾದಿದ್ದು, ಮುಂದಿನ ಲಾಗಿನ್‌ನಲ್ಲಿ ಜಾರಿಗೆ ಬರುತ್ತವೆ. ಇಎಸ್‌ಎಂ ಬಂದ ಮೇಲೆ ಒಮ್ಮೆ ಓದಿದ ಕೋಡನ್ನು ಶೆಲ್ ಆ ಸೆಷನ್ ಮುಗಿಯುವವರೆಗೆ ಮರೆಯುವುದಿಲ್ಲ. ಫೈಲನ್ನು ತಿದ್ದಿ ಸ್ವಿಚ್ಚನ್ನು ಆಫ್ ಆನ್ ಮಾಡಿದರೆ ಓಡುವುದು ಹಳೆಯ ಕೋಡೇ.

ಲಾಗಿನ್ ಆಗಿ ಬಂದರೂ ಕಾಣದಿದ್ದರೆ ಫೋಲ್ಡರ್‌ನ ಹೆಸರನ್ನು ನೋಡಿ. ಅದು ಮೆಟಾಡೇಟಾದಲ್ಲಿರುವ ಯುಯುಐಡಿಗೆ ಅಕ್ಷರಶಃ ಹೊಂದಬೇಕು. ಜಿಪ್ ಬಿಚ್ಚಿದಾಗ ಹೆಸರಿನ ಕೊನೆಗೆ ಮಾಸ್ಟರ್ ಎಂದೋ ಮೇನ್ ಎಂದೋ ಸೇರಿಕೊಂಡಿರುತ್ತದೆ, ಇಲ್ಲವೇ ಫೋಲ್ಡರ್‌ನ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಇದ್ದು ನಿಜವಾದ ಫೈಲುಗಳು ಒಂದು ಮೆಟ್ಟಿಲು ಕೆಳಗಿರುತ್ತವೆ. ಮೆಟಾಡೇಟಾ.ಜೇಸನ್ ಮತ್ತು ಎಕ್ಸ್‌ಟೆನ್ಶನ್.ಜೆಎಸ್ ಎರಡೂ ಯುಯುಐಡಿಯ ಹೆಸರಿನ ಫೋಲ್ಡರ್‌ನಲ್ಲಿ ನೇರವಾಗಿ ಇರಬೇಕು. ಆಡಳಿತಗಾರರ ಅಧಿಕಾರ ಕೊಡುವ ಸುಡೋ ಬಳಸಿ ಹೋಮ್ ಫೋಲ್ಡರ್‌ಗೆ ನಕಲು ಮಾಡಿದ್ದರೆ ಫೈಲುಗಳ ಒಡೆತನ ರೂಟ್‌ಗೆ ಹೋಗಿರುತ್ತದೆ, ಆಗ ಶೆಲ್‌ಗೆ ಅವುಗಳನ್ನು ಓದಲು ಅಥವಾ ಅಪ್‌ಡೇಟ್ ಮಾಡಲು ಆಗದಿರಬಹುದು. ಈ ಕೆಲಸದಲ್ಲಿ ಎಲ್ಲಿಯೂ ಸುಡೋ ಬೇಕಿಲ್ಲ. ಪ್ಯಾಕೇಜ್ ಹಾಕುವಾಗ ಮಾತ್ರ ಬೇಕು.

ಇನ್ನೊಂದು ಸೂಕ್ಷ್ಮ ಇದೆ. ಒಂದೇ ಎಕ್ಸ್‌ಟೆನ್ಶನ್ ಪ್ಯಾಕೇಜ್ ಮೂಲಕವೂ ಬಂದಿದ್ದು, ನೀವೂ ಹಿಂದೊಮ್ಮೆ ಹೋಮ್ ಫೋಲ್ಡರ್‌ನಲ್ಲಿ ಹಾಕಿಕೊಂಡಿದ್ದರೆ, ಸಾಮಾನ್ಯವಾಗಿ ಹೋಮ್ ಫೋಲ್ಡರ್‌ನಲ್ಲಿರುವುದೇ ಗೆಲ್ಲುತ್ತದೆ. ಡಿಸ್ಟ್ರೋ ಹೊಸದನ್ನು ಕೊಟ್ಟಿದ್ದರೂ ಶೆಲ್ ನಿಮ್ಮ ಹಳೆಯ ಪ್ರತಿಯನ್ನೇ ಹಿಡಿದು ಔಟ್ ಆಫ್ ಡೇಟ್ ಎನ್ನುತ್ತಿರುತ್ತದೆ. ಇನ್ಫೋ ಕಮಾಂಡ್ ತೋರಿಸುವ ಫೋಲ್ಡರ್‌ನ ಜಾಗವನ್ನು ಗಮನಿಸಿದರೆ ಇದು ತಕ್ಷಣ ತಿಳಿಯುತ್ತದೆ.

ಎಲ್ಲವೂ ಒಟ್ಟಿಗೆ ಆಫ್ ಆಗಿದ್ದರೆ

ಲಾಗಿನ್ ಆದ ಸ್ವಲ್ಪ ಹೊತ್ತಿನಲ್ಲೇ ಶೆಲ್ ಕುಸಿದುಬಿದ್ದರೆ, ಎಕ್ಸ್‌ಟೆನ್ಶನ್‌ಗಳೇ ಕಾರಣವಿರಬಹುದೆಂದು ಭಾವಿಸಿ ಗ್ನೋಮ್ ಅವುಗಳೆಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸುತ್ತದೆ. ಇದಕ್ಕಾಗಿ ಡಿಸೇಬಲ್-ಯೂಸರ್-ಎಕ್ಸ್‌ಟೆನ್ಶನ್ಸ್ ಎಂಬ ಕೀಲಿಯನ್ನು ಟ್ರೂ ಮಾಡಲಾಗುತ್ತದೆ. ಎಕ್ಸ್‌ಟೆನ್ಶನ್ಸ್ ಆ್ಯಪ್‌ನಲ್ಲಿ ಎಲ್ಲಕ್ಕೂ ಮೇಲಿರುವ ದೊಡ್ಡ ಸ್ವಿಚ್ ಇದೇ ಕೀಲಿಯದು. ಅದು ಆಫ್ ಆಗಿರುವಾಗ ಕೆಳಗಿನ ಒಂದೊಂದನ್ನೂ ಎಷ್ಟು ಒತ್ತಿದರೂ ಫಲವಿಲ್ಲ. ಟರ್ಮಿನಲ್‌ನಲ್ಲಿ ಜಿಸೆಟ್ಟಿಂಗ್ಸ್ ಗೆಟ್ ಆರ್ಗ್.ಗ್ನೋಮ್.ಶೆಲ್ ಡಿಸೇಬಲ್-ಯೂಸರ್-ಎಕ್ಸ್‌ಟೆನ್ಶನ್ಸ್ ಎಂದು ಕೇಳಿ. ಟ್ರೂ ಎಂದು ಬಂದರೆ ಗೆಟ್ ಬದಲಿಗೆ ಸೆಟ್ ಎಂದು ಬರೆದು ಕೊನೆಯಲ್ಲಿ ಫಾಲ್ಸ್ ಸೇರಿಸಿ ಕೊಡಿ.

ಉಬುಂಟುವಿನಲ್ಲಿ ಇದನ್ನು ಗುರುತಿಸಲು ಒಂದು ಚಿಹ್ನೆ ಇದೆ: ಡಾಕ್ ಮತ್ತು ಡೆಸ್ಕ್‌ಟಾಪ್ ಐಕಾನ್‌ಗಳು ಎಂದಿನಂತೆ ಇರುತ್ತವೆ, ನೀವು ಹಾಕಿಕೊಂಡವು ಮಾತ್ರ ಕಾಣೆಯಾಗಿರುತ್ತವೆ. ಉಬುಂಟು ತನ್ನ ಎಕ್ಸ್‌ಟೆನ್ಶನ್‌ಗಳನ್ನು ಸೆಷನ್‌ನ ಭಾಗವಾಗಿಯೇ ಸೇರಿಸಿರುವುದರಿಂದ ಈ ಕೀಲಿ ಅವುಗಳಿಗೆ ತಟ್ಟುವುದಿಲ್ಲ. ಅವುಗಳನ್ನು ಬಳಕೆದಾರರು ಆಫ್ ಮಾಡಿದಾಗ ಹೆಸರು ಡಿಸೇಬಲ್ಡ್-ಎಕ್ಸ್‌ಟೆನ್ಶನ್ಸ್ ಎಂಬ ಇನ್ನೊಂದು ಪಟ್ಟಿಗೆ ಹೋಗುತ್ತದೆ. ಒಂದು ಯುಯುಐಡಿ ಎರಡೂ ಪಟ್ಟಿಗಳಲ್ಲಿದ್ದರೆ ಡಿಸೇಬಲ್ಡ್ ಪಟ್ಟಿಯ ಮಾತೇ ನಡೆಯುತ್ತದೆ. ಜಿಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಪಟ್ಟಿ ತಿದ್ದಿದವರಿಗೆ ಎಲ್ಲ ಸರಿಯಿದ್ದೂ ಆನ್ ಆಗದಿರುವ ತೊಡಕು ಬರುವುದು ಇಲ್ಲಿಯೇ. ಕಚೇರಿ ಅಥವಾ ಕಾಲೇಜಿನ ಲ್ಯಾಬ್‌ನ ಕಂಪ್ಯೂಟರ್‌ಗಳಲ್ಲಿ ಈ ಕೀಲಿಗಳಿಗೆ ಆಡಳಿತಗಾರರು ಸೆಟ್ಟಿಂಗ್‌ಗಳ ಸಂಗ್ರಹವಾದ ಡಿಕಾನ್ಫ್ ಮೂಲಕ ಬೀಗ ಹಾಕಿರಬಹುದು. ಅಂಥಲ್ಲಿ ಅವರನ್ನೇ ಕೇಳಬೇಕು.

ಎಲ್ಲವನ್ನೂ ಹಿಂದಿನಂತೆ ಬಳಸುವ ಮೊದಲು, ಶೆಲ್ ಕುಸಿಯಲು ಕಾರಣವಾದದ್ದು ಯಾವುದೆಂದು ಹುಡುಕಿಕೊಳ್ಳಿ. ಎಲ್ಲವನ್ನೂ ಒಂದೊಂದಾಗಿ ಆಫ್ ಮಾಡಿ, ದೊಡ್ಡ ಸ್ವಿಚ್ಚನ್ನು ಆನ್ ಇಟ್ಟುಕೊಂಡು, ಅರ್ಧದಷ್ಟನ್ನು ಆನ್ ಮಾಡಿ ಲಾಗಿನ್ ಆಗಿ ನೋಡಿ. ತೊಂದರೆ ಬಂದರೆ ಅಪರಾಧಿ ಆ ಅರ್ಧದಲ್ಲಿದೆ, ಬಾರದಿದ್ದರೆ ಉಳಿದರ್ಧದಲ್ಲಿದೆ. ಹದಿನಾರು ಎಕ್ಸ್‌ಟೆನ್ಶನ್ ಇದ್ದರೂ ನಾಲ್ಕೈದು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಪರದೆ ಪೂರ್ತಿ ಹೆಪ್ಪುಗಟ್ಟಿದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅಕ್ಷರಗಳಷ್ಟೇ ಇರುವ ಕನ್ಸೋಲ್‌ನಲ್ಲಿ ಲಾಗಿನ್ ಆಗಿ, ಆ ಎಕ್ಸ್‌ಟೆನ್ಶನ್‌ನ ಫೋಲ್ಡರನ್ನು ಬೇರೆ ಕಡೆಗೆ ಸರಿಸಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿ.

ಆ್ಯಕ್ಟಿವ್ ಎಂದಿದ್ದೂ ಕಾಣದಿದ್ದರೆ

ಒಂದೇ ಜಾಗಕ್ಕೆ ಇಬ್ಬರು ಪೈಪೋಟಿ ನಡೆಸಿದಾಗ ಹೀಗಾಗುತ್ತದೆ. ಉಬುಂಟು ಡಾಕ್ ಎಂಬುದು ಡ್ಯಾಶ್ ಟು ಡಾಕ್‌ನ ಒಂದು ಕವಲು. ಎರಡೂ ಒಂದೇ ಸೆಟ್ಟಿಂಗ್ಸ್ ಸ್ಕೀಮಾವನ್ನು ಹಂಚಿಕೊಂಡಿವೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳದೆ ಒಂದನ್ನು ಆರಿಸಿಕೊಳ್ಳಿ. ಮೇಲಿನ ಪಟ್ಟಿಯನ್ನು ಬದಲಿಸುವ ಎರಡು ಎಕ್ಸ್‌ಟೆನ್ಶನ್‌ಗಳಿದ್ದರೂ ಇಂಥದೇ ಜಗಳ ನಡೆಯುತ್ತದೆ. ಪರದೆ ಲಾಕ್ ಆದಾಗ ಶೆಲ್ ಬಹುತೇಕ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ಆಫ್ ಮಾಡಿ, ಅನ್‌ಲಾಕ್ ಆದಾಗ ಕ್ರಮವಾಗಿ ಮತ್ತೆ ಆನ್ ಮಾಡುತ್ತದೆ ಎಂಬುದನ್ನೂ ತಿಳಿದಿರಬೇಕು. ಬೆಳಿಗ್ಗೆ ಸರಿಯಿದ್ದದ್ದು ಊಟ ಮುಗಿಸಿ ಬಂದಾಗ ಕಾಣೆಯಾಗಿದ್ದರೆ, ತನ್ನನ್ನು ತಾನು ಸರಿಯಾಗಿ ಆಫ್ ಮಾಡಿಕೊಳ್ಳಲಾರದ ಕೋಡ್ ಅದರಲ್ಲಿದೆ ಎಂದು ಅನುಮಾನಿಸಬಹುದು.

ಬ್ರೌಸರ್‌ನಲ್ಲಿ ಗ್ನೋಮ್ ತಾಣದ ಸ್ವಿಚ್ ಮಾತ್ರ ಕೆಲಸ ಮಾಡುತ್ತಿಲ್ಲವೆಂದರೆ ದೋಷ ಎಕ್ಸ್‌ಟೆನ್ಶನ್‌ನಲ್ಲಿರದೆ ನಡುವಿನ ಸೇತುವೆಯಲ್ಲಿರುತ್ತದೆ. ಬ್ರೌಸರ್‌ನ ಆ್ಯಡ್-ಆನ್ ಜೊತೆಗೆ ಗ್ನೋಮ್-ಬ್ರೌಸರ್-ಕನೆಕ್ಟರ್ ಎಂಬ ಪ್ಯಾಕೇಜೂ ಬೇಕು. ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ರೂಪದ, ಅಂದರೆ ಉಳಿದ ಸಿಸ್ಟಮ್‌ನಿಂದ ಬೇರ್ಪಡಿಸಿ ಓಡಿಸುವ, ಬ್ರೌಸರ್‌ಗಳಲ್ಲಿ ಇವೆರಡರ ನಡುವೆ ಮಾತುಕತೆ ನಡೆಯದಿರುವುದೂ ಉಂಟು. ಇದಕ್ಕಾಗಿ ಹೆಣಗಾಡುವುದಕ್ಕಿಂತ ಎಕ್ಸ್‌ಟೆನ್ಶನ್ ಮ್ಯಾನೇಜರ್ ಎಂಬ ಆ್ಯಪ್ ಹಾಕಿಕೊಳ್ಳುವುದು ಒಳ್ಳೆಯದು. ಅದು ಫ್ಲ್ಯಾಟ್‌ಹಬ್ ಎಂಬ ಆ್ಯಪ್‌ಗಳ ತಾಣದಲ್ಲಿ ಸಿಗುತ್ತದೆ. ಹುಡುಕುವುದು, ಹಾಕುವುದು, ಅಳಿಸುವುದು ಎಲ್ಲವೂ ಬ್ರೌಸರ್ ಇಲ್ಲದೆಯೇ ಆಗುತ್ತದೆ. ಮುಂದಿನ ಗ್ನೋಮ್ ಆವೃತ್ತಿಗೆ ನಿಮ್ಮ ಎಕ್ಸ್‌ಟೆನ್ಶನ್‌ಗಳಲ್ಲಿ ಯಾವುವು ಸಿದ್ಧವಾಗಿವೆ ಎಂದು ಮೊದಲೇ ತೋರಿಸುವ ಅಪ್‌ಗ್ರೇಡ್ ಅಸಿಸ್ಟೆಂಟ್ ಕೂಡ ಅದರಲ್ಲಿದೆ. ಡಿಸ್ಟ್ರೋದ ಹೊಸ ಆವೃತ್ತಿಗೆ ಏರುವ ಮುನ್ನ ಅದನ್ನು ಒಮ್ಮೆ ತೆರೆದು ನೋಡುವುದು ಮೇಲಿನ ಎಲ್ಲ ಪರಿಹಾರಗಳಿಗಿಂತ ಅಗ್ಗ.

ಇಷ್ಟೆಲ್ಲ ಮಾಡಿಯೂ ಬಗೆಹರಿಯದಿದ್ದರೆ ಹೊಸ ಬಳಕೆದಾರ ಖಾತೆಯೊಂದನ್ನು ಮಾಡಿ, ಅದರಲ್ಲಿ ಆ ಒಂದೇ ಎಕ್ಸ್‌ಟೆನ್ಶನ್ನನ್ನು ಹಾಕಿ ನೋಡಿ. ಅಲ್ಲಿ ನಡೆದರೆ ನಿಮ್ಮ ಖಾತೆಯ ಸೆಟ್ಟಿಂಗ್‌ಗಳಲ್ಲಿ ದೋಷವಿದೆ. ಅಲ್ಲೂ ನಡೆಯದಿದ್ದರೆ ಬರೆದವರಿಗೆ ತಿಳಿಸುವ ಹೊತ್ತು ಬಂದಿದೆ. ಬಹುಪಾಲು ಎಕ್ಸ್‌ಟೆನ್ಶನ್‌ಗಳನ್ನು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಳ್ಳುವವರಿದ್ದಾರೆ. ಕೆಲಸ ಮಾಡುತ್ತಿಲ್ಲ ಎಂಬ ಒಂದೇ ಸಾಲಿನ ದೂರಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಡಿಸ್ಟ್ರೋ ಮತ್ತು ಅದರ ಆವೃತ್ತಿ, ಗ್ನೋಮ್‌ನ ಆವೃತ್ತಿ, ಸೆಷನ್ ವೇಲ್ಯಾಂಡೋ ಎಕ್ಸ್11 ಓ ಎಂಬುದು, ಎಕ್ಸ್‌ಟೆನ್ಶನ್‌ನ ಆವೃತ್ತಿ ಮತ್ತು ಅದನ್ನು ಎಲ್ಲಿಂದ ಹಾಕಿದಿರಿ ಎಂಬುದು, ಇನ್ಫೋ ಕಮಾಂಡ್‌ನ ಪೂರ್ಣ ಉತ್ತರ, ಲಾಗ್‌ನಲ್ಲಿ ದೋಷ ಶುರುವಾಗುವ ಸಾಲಿನಿಂದ ಮುಂದಿನ ಭಾಗ ಇಷ್ಟನ್ನು ಸೇರಿಸಿ ಬರೆಯಿರಿ. ಲಾಗ್‌ನಲ್ಲಿ ನಿಮ್ಮ ಬಳಕೆದಾರ ಹೆಸರು ಮತ್ತು ಫೋಲ್ಡರ್‌ಗಳ ಹೆಸರುಗಳು ಬಂದಿರುತ್ತವೆ. ಕಳಿಸುವ ಮೊದಲು ಅವನ್ನು ಅಳಿಸಿ. ಹೊಸ ದೂರು ತೆರೆಯುವ ಮುನ್ನ ಹಳೆಯ ದೂರುಗಳಲ್ಲಿ ದೋಷದ ಮೊದಲ ಸಾಲನ್ನು ಹುಡುಕಿ. ಅದೇ ದೋಷವನ್ನು ಬೇರೆಯವರು ಆಗಲೇ ದಾಖಲಿಸಿದ್ದರೆ ನಿಮ್ಮ ವಿವರಗಳನ್ನು ಅಲ್ಲಿಯೇ ಸೇರಿಸಿ.